ಅರಸನ ಮೂಗಿಗೆ ಬಣ್ಣ ಹೊಡೆಸಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ಎರಡೂವರೆ ಸಾವಿರ ವರ್ಷ ಗಾಳಿ, ಮಣ್ಣು, ದಂಡು, ದರೋಡೆ ಎಲ್ಲವನ್ನೂ ತಡೆದುಕೊಂಡ ಕಲ್ಲೊಂದು ನಿಮ್ಮ ಒಂದು ಮಧ್ಯಾಹ್ನವನ್ನು ತಡೆದುಕೊಳ್ಳಲಾರದೆ ಹೋಯಿತು. ನಮ್ಮ ವಸ್ತುಸಂಗ್ರಹಾಲಯದ ಹೊಸ ಸಭಾಂಗಣದಲ್ಲಿ ನಿಂತಿರುವ ವಿಜಯದ ಉಬ್ಬುಶಿಲ್ಪಕ್ಕೆ ಗೋಡೆಯ ಬಣ್ಣ ಹೊಡೆಸಿದವರು ನೀವು. ಕಲ್ಲು ಉದುರತೊಡಗಿದ ಮೇಲೆ ಆ ತಪ್ಪನ್ನು, ಹನ್ನೊಂದು ತಿಂಗಳು ಕೂತು ಅದನ್ನು ದುರಸ್ತಿ ಮಾಡಿದ ಹೆಂಗಸಿನ ತಲೆಗೆ ಕಟ್ಟಿ, ಆಕೆಯನ್ನು ಅಮಾನತಿನಲ್ಲಿಟ್ಟವರೂ ನೀವೇ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬುದನ್ನು ಕೇಳಿದ್ದೆ. ಒರೆಸಿದ ಮೇಲೆ ಮೇಕೆಗೆ ಮೆಮೊ ಕೊಟ್ಟದ್ದನ್ನು ಈಗಲೇ ನೋಡಿದ್ದು. ಆ ಹೆಂಗಸು ನನ್ನ ತಾಯಿಯ ತಂಗಿ. ನಾನು ಅದೇ ಕಟ್ಟಡದಲ್ಲಿ ವಸ್ತುಗಳ ಪಕ್ಕದ ವಿವರಣೆಯ ಫಲಕಗಳನ್ನು ಬರೆಯುವ ನೌಕರ. ಬಂಧುವೆಂದು ಪಕ್ಷಪಾತ ಮಾಡುತ್ತಿದ್ದಾನೆ ಎನ್ನುವಿರಾದರೆ ಎನ್ನಿ. ಕಲ್ಲೇನೂ ನನ್ನ ಬಂಧುವಲ್ಲ.

ಪತ್ರಿಕೆಯಲ್ಲಿ ಇದನ್ನು ಓದುವವರಿಗೆ ತಿಳಿಯಲೆಂದು ಹೇಳುತ್ತೇನೆ, ನಿಮಗೂ ಹೊಸದಾದೀತು. ಆ ಶಿಲ್ಪ ಒಂದು ಕಾಲಕ್ಕೆ ಅರಮನೆಯ ಮೊಗಸಾಲೆಯ ಗೋಡೆಯಲ್ಲಿತ್ತು. ಪರರಾಜ್ಯದ ದೂತರನ್ನು ಬೇಕೆಂದೇ ಅಲ್ಲಿ ದಿನವಿಡೀ ಕಾಯಿಸುತ್ತಿದ್ದರು. ಕಾಯುವವನ ಕಣ್ಣಿಗೆ ಬೀಳುತ್ತಿದ್ದುದು ಏನು? ಆಳೆತ್ತರದ ಅರಸ, ಅವನ ಮೊಣಕಾಲಿಗೂ ಬಾರದ ಶತ್ರುಗಳು, ಬೆಂಕಿ ಹತ್ತಿದ ಕೋಟೆ, ಕೈಕಟ್ಟಿದ ಸೆರೆಯಾಳುಗಳ ಸಾಲು. ಕೆಳಗೆ ಆಸ್ಥಾನದ ಕವಿ ಬರೆದ ಎರಡು ಸಾಲು: ‘ಈ ನಗರವನ್ನು ಒಂದೇ ದಿನದಲ್ಲಿ ಗೆದ್ದೆ. ನನ್ನವನೊಬ್ಬನೂ ಬೀಳಲಿಲ್ಲ.’ ಒಳಬಾಗಿಲು ತೆರೆಯುವ ಹೊತ್ತಿಗೆ ದೂತ ತಂದ ಬೇಡಿಕೆಗಳಲ್ಲಿ ಅರ್ಧವನ್ನು ತಾನಾಗಿಯೇ ಬಿಟ್ಟುಕೊಟ್ಟಿರುತ್ತಿದ್ದ. ಯುದ್ಧಕ್ಕಿಂತ ಯುದ್ಧದ ಚಿತ್ರ ಅಗ್ಗವೆಂದು ಆ ಅರಸರಿಗೆ ಗೊತ್ತಿತ್ತು. ಅವರ ಕಟ್ಟಡ, ಶಿಲ್ಪ, ಕಾವ್ಯ ಎಲ್ಲವೂ ಸೇನೆಯ ತುಕಡಿಗಳೇ. ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನು ಎಷ್ಟೋ ಸಲ ಮೂರು ಮೂರು ತಾಸು ಕೂತಿದ್ದೇನೆ. ಎದುರು ಗೋಡೆಯಲ್ಲಿ ನೀವು ಗಣ್ಯರ ಕೈಕುಲುಕುತ್ತಿರುವ ಹದಿನಾಲ್ಕು ಫೋಟೊಗಳಿವೆ. ವಿದ್ಯೆ ಇನ್ನೂ ಬದುಕಿದೆ, ಶಿಲ್ಪಿಯ ಕೈ ಮಾತ್ರ ಇಲ್ಲ.

ಇಷ್ಟಾದರೂ ಆ ಕಲ್ಲು ಬರೀ ಸುಳ್ಳಲ್ಲ. ಅರಸನ ಬಲಗಾಲಿನ ಹಿಂದೆ, ಬಾಗಿ ನೋಡಿದರಷ್ಟೇ ಕಾಣುವಂತೆ, ಹೆಬ್ಬೆರಳಿನಷ್ಟು ದೊಡ್ಡ ಸೈನಿಕನೊಬ್ಬನನ್ನು ಇಬ್ಬರು ಹೊತ್ತೊಯ್ಯುತ್ತಿದ್ದಾರೆ. ತಲೆಯ ಮೇಲಿನ ಶಿರಸ್ತ್ರಾಣ ಅರಸನ ಸೇನೆಯದೇ. ಒಬ್ಬನೂ ಬೀಳಲಿಲ್ಲ ಎಂಬ ಸಾಲಿನ ನೆತ್ತಿಯ ಮೇಲೆಯೇ ಬಿದ್ದವನೊಬ್ಬ! ಚಿಕ್ಕಮ್ಮ ಒದ್ದೆ ಹತ್ತಿಯಿಂದ ಮಣ್ಣು ಒರೆಸುವಾಗ ಅವನನ್ನು ಕಂಡು, ನನ್ನನ್ನು ಕರೆಸಿ ತೋರಿಸಿದರು. ಕೆತ್ತಿದವನಿಗೆ ಇವನು ಅಣ್ಣನೋ ತಮ್ಮನೋ ಆಗಿರಬೇಕು ಎಂದರು. ಅದಕ್ಕೆ ಪುರಾವೆಯಿಲ್ಲ. ಆ ಹೊತ್ತಿನಲ್ಲಿ ನನಗೆ ಪುರಾವೆ ಬೇಕೆನಿಸಲೂ ಇಲ್ಲ.

ಕಲ್ಲು ದುರಸ್ತಿ ಮಾಡುವವರಲ್ಲಿ ಒಂದು ಕಟ್ಟುಪಾಡಿದೆ. ಹೋದ ಭಾಗವನ್ನು ಗಾರೆಯಿಂದ ತುಂಬಿದರೆ, ಅದು ಸುತ್ತಲಿನ ಕಲ್ಲಿಗಿಂತ ಒಂದು ಛಾಯೆ ತಿಳಿಯಾಗಿರಬೇಕು, ಉಗುರಿನ ದಪ್ಪದಷ್ಟು ಒಳಗಿರಬೇಕು. ದೂರದಿಂದ ನೋಡುವವನಿಗೆ ರೂಪ ಪೂರ್ತಿ ಕಾಣಬೇಕು. ಹತ್ತಿರ ಬಂದವನಿಗೆ ಯಾವುದು ಹಳೆಯದು, ಯಾವುದು ಮೊನ್ನೆಯದು ಎಂದು ತಿಳಿಯಬೇಕು. ಚಿಕ್ಕಮ್ಮ ಕೆಲಸ ಮುಗಿದ ಮೇಲೆ ಅಂಚಿನುದ್ದಕ್ಕೂ ಉಗುರು ಆಡಿಸಿ ನೋಡುತ್ತಾರೆ. ಕಟ್ಟಡದಲ್ಲಿ ಎಲ್ಲರೂ ಅವರನ್ನು ಉಗುರಮ್ಮ ಎಂದೇ ಕರೆಯುವುದು. ಕಲ್ಲನ್ನು ಇಲ್ಲಿಗೆ ಸಾಗಿಸುವಾಗ ಅರಸನ ಮೂಗು, ಬಲಗೈ ಒಡೆದುಹೋಗಿದ್ದವು. ಹಳೆಯ ಫೋಟೊ ಇಟ್ಟುಕೊಂಡು ಆ ಎರಡನ್ನೇ ಅವರು ಮತ್ತೆ ರೂಪಿಸಿದರು. ಉಳಿದ ಕಲ್ಲಿಗೆ ನೀರು, ಹತ್ತಿ ಬಿಟ್ಟರೆ ಬೇರೇನನ್ನೂ ಸೋಕಿಸಲಿಲ್ಲ.

ಸಭಾಂಗಣದ ಉದ್ಘಾಟನೆಗೆ ವಾರವಿದ್ದಾಗ ನೀವು ಬಂದಿರಿ, ಹಿಂದೆ ಆರು ಜನ. ನಾನೂ ಅಲ್ಲಿದ್ದೆ. "ಇದೇನ್ರೀ, ಅರಸನಿಗೆ ಬೇರೆ ಯಾರದೋ ಮೂಗು ಅಂಟಿಸಿದ ಹಾಗಿದೆ?" ಎಂದಿರಿ. ಚಿಕ್ಕಮ್ಮ ಕೈ ಒರೆಸಿಕೊಂಡು, "ಬೇರೆಯವರದ್ದೇ ಸಾರ್, ನಾನು ಮಾಡಿದ್ದು. ಅದು ಗೊತ್ತಾಗಲಿ ಅಂತಲೇ ಹಾಗೆ ಮಾಡಿದ್ದು," ಎಂದರು. ಬರುವ ಗಣ್ಯರ ಮುಂದೆ ಅರಸ ಹೀಗೆ ನಿಲ್ಲುವುದು ಸಂಸ್ಥೆಯ ಘನತೆಗೆ ಕುಂದು ಎಂದು ನೀವು ಅಪ್ಪಣೆ ಮಾಡಿದಿರಿ: ಬಣ್ಣ ಹೊಂದಿಸಿ. ಅವರು ಆಗುವುದಿಲ್ಲ ಎಂದರು. ಮರುದಿನ ಅವರನ್ನು ನೆಲಮಾಳಿಗೆಗೆ, ಪೆಟ್ಟಿಗೆಗಳ ಧೂಳು ಹೊಡೆಯಲು ಕಳಿಸಲಾಯಿತು. ಗೋಡೆಗೆ ಬಣ್ಣ ಬಳಿಯುತ್ತಿದ್ದ ಪೇಂಟರ್‌ನನ್ನು ಕಲ್ಲಿನ ಮುಂದೆ ನಿಲ್ಲಿಸಲಾಯಿತು. ಅವನಾದರೂ ಏನು ಮಾಡಿಯಾನು? ಅಂಚು ಕಾಣದಂತೆ ಪುಟ್ಟಿ ಮೆತ್ತಿ ಮೂಗಿಗೆ ಬಣ್ಣ ಹಚ್ಚಿದ. ಮೂಗಿಗೆ ಮುಖ ಹೊಂದಲಿಲ್ಲ, ಮುಖಕ್ಕೂ ಹಚ್ಚಿದ. ಮುಖಕ್ಕೆ ಕೊರಳು, ಕೊರಳಿಗೆ ಎದೆ, ಎದೆಗೆ ಕೋಟೆ. ಸಂಜೆಯ ಹೊತ್ತಿಗೆ ಅರಸ, ಶತ್ರು, ಸೆರೆಯಾಳು ಎಲ್ಲರೂ ಒಂದೇ ಕಂದು ಎಣ್ಣೆಬಣ್ಣದಲ್ಲಿ ಹೊಳೆಯುತ್ತಿದ್ದರು. ಆ ಹೆಬ್ಬೆರಳಿನಷ್ಟು ಸೈನಿಕನ ಮೇಲೆ ಪುಟ್ಟಿ ಕೂತು ಅವನಿದ್ದ ಜಾಗ ನುಣ್ಣಗಾಯಿತು. ಯಾವ ಅರಸನ ಕಣ್ಣಿಗೂ ಬೀಳದೆ ಉಳಿದವನನ್ನು ನೀವು ನೋಡದೆಯೇ ಮುಗಿಸಿದಿರಿ. ಅದನ್ನು ನೆನೆದಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ.

ಗಣ್ಯರು ಬಂದರು, ಭೇಷ್ ಎಂದರು, ಹದಿನೈದನೆಯ ಫೋಟೊ ತೆಗೆಸಿಕೊಂಡಿರಿ. ಎರಡು ತಿಂಗಳಲ್ಲಿ ಕಲ್ಲಿನೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಬಣ್ಣವನ್ನೂ ಅದಕ್ಕೆ ಅಂಟಿದ ಮೇಲ್ಪದರವನ್ನೂ ಸಿಪ್ಪೆಯಂತೆ ಎಬ್ಬಿಸಿತು. ಈಗ ಬೆಳಿಗ್ಗೆ ಕಸ ಗುಡಿಸುವಾಕೆಯ ಮೊರದಲ್ಲಿ ಕೋಟೆಯ ಚೂರುಗಳಿರುತ್ತವೆ. ‘ದುರಸ್ತಿಯಲ್ಲಿ ಬಳಸಿದ ಕಳಪೆ ಸಾಮಗ್ರಿಯೇ ಹಾನಿಗೆ ಕಾರಣವೆಂದು ಮೇಲ್ನೋಟಕ್ಕೆ ಕಂಡುಬರುತ್ತದೆ’ ಎಂದು ವರದಿಯೊಂದು ಹೇಳಿತು, ಅದರ ಆಧಾರದ ಮೇಲೆ ಅಮಾನತಿನ ಮೆಮೊ ಹೋಯಿತು. ಯಾರ ಮೇಲ್ನೋಟ ಸ್ವಾಮಿ? ಚಿಕ್ಕಮ್ಮ ಗಾರೆ ಹಚ್ಚಿದ್ದು ಮೂಗಿಗೆ, ಕೈಗೆ. ಉದುರುತ್ತಿರುವುದು ಕೋಟೆ, ಸೆರೆಯಾಳುಗಳು. ಮೂಗಿನ ಗಾರೆ ಇಳಿದು ಕೋಟೆಯವರೆಗೆ ನಡೆದುಕೊಂಡು ಹೋಯಿತೇ? ಮೂಗಿನ ಅಂಚಿನಲ್ಲಿ ಚೂರೇ ಚೂರು ಪುಟ್ಟಿ ಕೆರೆದರೂ ಒಳಗಿನ ತಗ್ಗು ಉಗುರಿಗೆ ಸಿಗುತ್ತದೆ, ಚಿಕ್ಕಮ್ಮನ ಗಾರೆ ಎಲ್ಲಿಗೆ ನಿಂತಿತೆಂದು ಅದೇ ಹೇಳುತ್ತದೆ. ಬರುವ ಬುಧವಾರ ಇದನ್ನು ವಿಚಾರಿಸಲಿರುವ ನಿಮ್ಮ ಸಮಿತಿಯ ಮೂವರೂ ಇದುವರೆಗೆ ಸಭಾಂಗಣದ ಮೆಟ್ಟಿಲು ಹತ್ತಿಲ್ಲ. ಅವರಿಗೆ ಕಾಗದವೇ ಸಾಕು.

ಕ್ಷಮಾಪಣೆ ಬರೆದುಕೊಟ್ಟರೆ ವಿಷಯ ಅಲ್ಲಿಗೇ ಮುಗಿಸುತ್ತೇವೆ ಎಂದು ಹೇಳಿಕಳಿಸಿದಿರಿ. ಅದನ್ನು ತಿಳಿಸಲು ಹೋದಾಗ ಚಿಕ್ಕಮ್ಮ ಅಡುಗೆಮನೆಯಲ್ಲಿ ಚಾಕು ಮಸೆಯುತ್ತಿದ್ದರು. ಮೂವತ್ತೊಂದು ವರ್ಷ ಸುಮ್ಮನೆ ಕೂತು ಗೊತ್ತಿಲ್ಲದ ಕೈ, ಮನೆಯ ಚಾಕುಗಳೆಲ್ಲ ಹೊಳೆಯುತ್ತಿದ್ದವು. ಬರೆದುಕೊಟ್ಟುಬಿಡಿ ಎಂದು ನಾನೇ ಹೇಳಿದೆ. ಅವರು ಮಸೆಯುವುದನ್ನು ನಿಲ್ಲಿಸಿದರು.

"ನನ್ನ ಮಾನದ್ದೇನೂ ಇಲ್ಲ ಕಣೋ, ಬರೆದುಕೊಡ್ತೀನಿ. ಆದರೆ ತಪ್ಪು ನನ್ನ ಗಾರೆಯದು ಅಂತ ಒಂದು ಸಲ ದಾಖಲೆಗೆ ಹೋದರೆ, ಆ ಬಣ್ಣ ತೆಗೀಬೇಕು ಅಂತ ಯಾರಿಗೆ ಹೊಳೆಯುತ್ತೆ ಹೇಳು? ಅದು ಹಾಗೇ ಉದುರಿ ಉದುರಿ ಹೋಗಿಬಿಡುತ್ತೆ."

ನಾನು ಎದ್ದು ಬಂದೆ. ಅವರ ಎದುರು ಕೂರುವ ಯೋಗ್ಯತೆ ನನಗಿರಲಿಲ್ಲ.

ಆದ್ದರಿಂದ ಇದು ವಿನಂತಿಯಲ್ಲ, ಒತ್ತಾಯ. ಬುಧವಾರದ ವಿಚಾರಣೆ ನಿಮ್ಮ ಕೋಣೆಯಲ್ಲಿ ಬೇಡ, ಕಲ್ಲಿನ ಮುಂದೆ ನಡೆಯಲಿ. ಪೇಂಟರ್‌ನನ್ನು ಕರೆಸಿ, ಅವನಿಗೆ ಶಿಕ್ಷೆಯಿಲ್ಲವೆಂದು ಮೊದಲು ಹೇಳಿ, ಆಮೇಲೆ ಕೇಳಿ. ಮೆಮೊ ಹಿಂದಕ್ಕೆ ಪಡೆದು ಚಿಕ್ಕಮ್ಮನನ್ನು ಕಲ್ಲಿನ ಬಳಿಗೆ ಬಿಡಿ. ಬಣ್ಣವನ್ನು ಕಲ್ಲಿಗೆ ನೋವಾಗದಂತೆ ತೆಗೆಯಬಲ್ಲ ಕೈ ಈ ಕಟ್ಟಡದಲ್ಲಿ ಅವರದೊಂದೇ. ಹೀಗೇ ದಿನ ತಳ್ಳಿದರೆ ಬಣ್ಣ ತೆಗೆಯುವುದಕ್ಕೆ ಕಲ್ಲೇ ಉಳಿಯುವುದಿಲ್ಲ.

ಇನ್ನು ಆ ವರದಿ. ಅದನ್ನು ಬರೆದವನು ನಾನು. ನೀವು ಬಾಗಿಲು ಹಾಕಿಸಿ, "ನಿಮ್ಮ ಭಾಷೆ ಚೆನ್ನಾಗಿದೆ, ನೀವೇ ಬರೀರಿ," ಎಂದಿರಿ. ಬರೆಯದಿದ್ದರೆ ಏನು ಮಾಡುತ್ತೀರೆಂದು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಒಬ್ಬನೂ ಬೀಳಲಿಲ್ಲ ಎಂದು ಬರೆದ ಆ ಕವಿಗಾದರೂ ತಲೆ ಹೋಗುವ ಭಯವಿತ್ತು. ನನ್ನ ಭಯ ವರ್ಗಾವಣೆಯದು. ‘ಮೇಲ್ನೋಟಕ್ಕೆ’ ಎಂಬ ಪದವನ್ನು ಆರಿಸಿದ್ದಕ್ಕೆ ಅಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಅದರ ಕೆಳಗಿನ ಸಹಿಯನ್ನು ಇಂದು ಎಲ್ಲರೆದುರು ಹಿಂದಕ್ಕೆ ಪಡೆಯುತ್ತಿದ್ದೇನೆ. ಬುಧವಾರ ನಾನೂ ಬಂದು ಅದನ್ನೇ ಬಾಯಿಬಿಟ್ಟು ಹೇಳುತ್ತೇನೆ. ವರದಿಯ ಪ್ರತಿಯನ್ನು ಚಿಕ್ಕಮ್ಮನಿಗೆ ಕೊಟ್ಟಿಲ್ಲ, ಅದು ಯಾರದೆಂದು ಅವರು ಒಂದು ಸಲವೂ ನನ್ನನ್ನು ಕೇಳಿಲ್ಲ. ಅವರಿಗೆ ಗೊತ್ತಾಗುವುದು ಈ ಪತ್ರ ಓದಿದಾಗಲೇ.

ಇಂತಿ,
ಇಲ್ಲಿಯವರೆಗೆ ತಮ್ಮ ವಿಧೇಯನಾಗಿದ್ದ,
ಫಲಕ ಬರೆಯುವ ನೌಕರ