ವನಶ್ರೀ ಸೆಂಟಿನ ಬಾಟಲಿ

ಅಲ್ಲಾಳಸಂದ್ರ, ಯಲಹಂಕ
೧೮ ಜನವರಿ ೨೦೨೬

ಪ್ರೀತಿಯ ಮುಸರ್ರತ್,

ಯುಗಾದಿಗೆ ಕಾಗದ ಹಾಕುತ್ತೇನೆ ಎಂದವಳು ಸಂಕ್ರಾಂತಿ ಕಳೆದ ಮೇಲೆ ಪೆನ್ನು ಹಿಡಿದಿದ್ದೇನೆ. ಬೈಯುವುದನ್ನೆಲ್ಲ ಮೊದಲು ಬೈದು ಮುಗಿಸು, ಆಮೇಲೆ ಓದು. ಮಂಡಿ ನೋವು ಹೇಗಿದೆ? ಶಿರಾದ ಹೊಸ ಮನೆಗೆ ಮೆಟ್ಟಿಲೇ ಇಲ್ಲ ಎಂದು ನಿನ್ನ ಮಗ ನಯೀಮ್ ಫೋನಿನಲ್ಲಿ ಹೇಳಿದ. ಕೇಳಿ ನೆಮ್ಮದಿಯಾಯಿತು.

ನಾನು ಚೆನ್ನಾಗಿದ್ದೇನೆ. ಮಗಳು ಶಿಲ್ಪ ವಾರಕ್ಕೆರಡು ಸಲ ಹೆಬ್ಬಾಳದಿಂದ ಬಂದು ನನ್ನ ಫ್ರಿಜ್ಜನ್ನು ತಪಾಸಣೆ ಮಾಡಿ, ಹಳಸಿದ್ದನ್ನೆಲ್ಲ ಚೆಲ್ಲಿ ಹೋಗುತ್ತಾಳೆ. ನಿನಗೆ ಹೇಳಿರಲಿಲ್ಲ, ಕೋವಿಡ್ ಬಂದಾಗ ಹೋದ ನನ್ನ ಮೂಗು ಮತ್ತೆ ಬರಲೇ ಇಲ್ಲ. ಡಾಕ್ಟರು ನಿಂಬೆಹಣ್ಣು, ಲವಂಗ ದಿನಾ ಮೂಸಿ ಎಂದರು. ಮೂಸಿದೆ. ಲವಂಗ ಖರ್ಚಾಯಿತು, ಅಷ್ಟೆ. ಈಗ ಅವರೆಕಾಯಿ ಕಾಲ ಬೇರೆ. ತಳ್ಳುಗಾಡಿಯ ಮುನಿಕೆಂಪಮ್ಮ, 'ಒಳ್ಳೆ ಸೊಗಡೈತೆ, ತಕ್ಕಳಮ್ಮ' ಅನ್ನುತ್ತಾಳೆ. ಅವಳ ಮಾತು ನಂಬಿ ತರುತ್ತೇನೆ, ಸುಲಿಯುತ್ತೇನೆ, ಕೈಗೆ ಅಂಟು ಮಾತ್ರ ಉಳಿಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಯಶವಂತಪುರದಲ್ಲಿ ನನಗೆ ವನಶ್ರೀ ಸೆಂಟು ಸಿಕ್ಕಿತು. ಅದೇ ಹಸಿರು ಬಾಟಲಿ, ಅದೇ ಜಿಂಕೆಯ ಚಿತ್ರದ ಚೀಟಿ, ಅದೇ ಎಂಟು ರೂಪಾಯಿ ಅಚ್ಚು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಖಾದರ್ ಬಾಷಾ ಅಂತ ಒಬ್ಬರು ಫ್ಯಾನ್ಸಿ ಸ್ಟೋರ್ ಮುಚ್ಚಿ ಹಳೇ ಸರಕು ಖಾಲಿ ಮಾಡುತ್ತಿದ್ದರು. ಬಳೆ ಡಬ್ಬಗಳ ಹಿಂದೆ ಇದೊಂದೇ ಇತ್ತು. 'ಕಂಪ್ನಿ ಹೋಗಿ ಮೂವತ್ತು ವರ್ಷ ಆಯ್ತಮ್ಮ. ವಾಸ್ನೆ ಇದ್ಯೋ ಇಲ್ವೋ, ನೀವೇ ನೋಡ್ಕೊಳ್ಳಿ' ಎಂದು ಮುಚ್ಚಳ ತೆಗೆದು ಕೊಟ್ಟರು. ನಾನು ಕಣ್ಣು ಮುಚ್ಚಿ ಮೂಸಿದ ಹಾಗೆ ಮಾಡಿ, 'ಅದೇ ಕಣ್ರೀ' ಎಂದೆ. ಆ ಮನುಷ್ಯನ ಮುಖ ಅರಳಿತು. ನನಗೆ ನಾಚಿಕೆಯಾಯಿತು.

ಜಾಲಹಳ್ಳಿಯ ಆ ಗಡಿಯಾರದ ಫ್ಯಾಕ್ಟರಿಯಲ್ಲಿ ನಮಗೆ ಪೌಡರ್ ಹಾಕುವಂತಿರಲಿಲ್ಲ, ಹೂವು ಮುಡಿಯುವಂತಿರಲಿಲ್ಲ. ಧೂಳಿನ ಒಂದು ಕಣ ಬಿದ್ದರೂ ಗಡಿಯಾರ ನಿಲ್ಲುತ್ತದೆ ಅನ್ನುತ್ತಿದ್ದರು. ಇಪ್ಪತ್ತರ ಹುಡುಗಿಯರು ಇನ್ನೇನು ಮಾಡಬೇಕು? ನಿಮ್ಮ ಮಾವನ ಅಂಗಡಿಯಿಂದ ನೀನು ವನಶ್ರೀ ತಂದೆ, ಇಡೀ ಸೆಕ್ಷನ್ ಹಚ್ಚಿಕೊಂಡಿತು. ಹಸಿ ಹುಲ್ಲನ್ನು ಅಂಗೈಯಲ್ಲಿ ಉಜ್ಜಿದ ಹಾಗಿತ್ತು ಎಂದು ನೆನಪಿದೆ, ವಾಸನೆ ನೆನಪಿಲ್ಲ. ಆಗಿನ್ನೂ ನನ್ನ ಗಂಡನಾಗಿರದ ನಂದಕುಮಾರ್ ಟೂಲ್ ರೂಮಿನಿಂದ ಏನೋ ನೆಪ ಹೂಡಿ ಬಂದು, 'ಏನ್ರೀ, ಒಳಗೆ ಹಸು ಕಟ್ಟಿದ್ದೀರಾ?' ಎಂದು ಕೇಳಿದ್ದು ನಿನಗೂ ನೆನಪಿರಬೇಕು. ಹಾಗೆ ಅಂದವರೇ ಮದುವೆಗೆ ನೀನು ಕೊಟ್ಟ ಬಾಟಲಿಯನ್ನು ನನಗೆ ಬಿಡದೆ ಹಚ್ಚಿಕೊಂಡರು. ಹೆಂಗಸರ ಸೆಂಟು ಎಂದು ಎಷ್ಟು ಜನ ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಾಟಲಿಯನ್ನು ನಿನಗೆ ಕಳಿಸುತ್ತಿದ್ದೇನೆ. ಅದು ಅದೇ ವಾಸನೆಯೋ, ಹಾಳಾಗಿದೆಯೋ, ನೀನು ಮೂಸಿ ಹೇಳಬೇಕು. ನೀನು ಇನ್‌ಸ್ಪೆಕ್ಷನ್‌ನಲ್ಲಿ ಕೂತವಳು. ಒಂದೇ ಟಿಫಿನ್ನಿನಲ್ಲಿ ಊಟ ಮಾಡಿ ಬಂದ ಐದು ನಿಮಿಷಕ್ಕೆ, ನಾನು ಮುಳ್ಳು ಕೂರಿಸಿದ ಗಡಿಯಾರಗಳ ಟ್ರೇ ವಾಪಸು ಕಳಿಸುತ್ತಿದ್ದೆ. 'ಸರಳಾ, ಸ್ನೇಹ ಬೇರೆ, ಮುಳ್ಳು ಬೇರೆ' ಎಂದಿದ್ದಕ್ಕೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಅಂಥವಳ ಮಾತೇ ಈಗ ನನಗೆ ಬೇಕು.

ನಯೀಮನ ಮಕ್ಕಳಿಗೆ ಈ ಅಜ್ಜಿಯ ಆಶೀರ್ವಾದ ಹೇಳು. ಅವು ಚೆನ್ನಾಗಿ ಉಂಡು, ಚೆನ್ನಾಗಿ ಓದಿ, ನಿನ್ನ ಹಾಗೆ ಮುಖದ ಮೇಲೆ ಸತ್ಯ ಹೇಳುವ ಧೈರ್ಯ ಕಲಿಯಲಿ. ದೇವರು ನಿನ್ನ ಮಂಡಿಗೂ ಮನಸ್ಸಿಗೂ ಬಲ ಕೊಡಲಿ.

ನಿನ್ನ
ಸರಳಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಪಾರ್ಸಲಿನ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಅವರ ಬಿಳಿ ಅಂಗಿ ಇದೆ. ಕೊನೆಯ ವನಶ್ರೀ ಬಾಟಲಿಯನ್ನು ಅವರು ವರ್ಷಕ್ಕೊಮ್ಮೆ, ನಮ್ಮ ಮದುವೆಯ ದಿನ ಮಾತ್ರ ತೆಗೆಯುತ್ತಿದ್ದರು. ಇಪ್ಪತ್ತೊಂದರ ಏಪ್ರಿಲಿನಲ್ಲಿ ಆ ಅಂಗಿ ತೊಟ್ಟು, ತಳದಲ್ಲಿದ್ದ ಹನಿಗಳನ್ನು ಹಚ್ಚಿಕೊಂಡು ಬಂದು ನಿಂತರು. ನನಗೆ ಯಾವ ವಾಸನೆಯೂ ಬರಲಿಲ್ಲ. ಮೂಗು ಹೋಗಿದೆ ಎಂದು ಆಗ ಗೊತ್ತಿರಲಿಲ್ಲ. 'ಈ ವರ್ಷ ಹಚ್ಕೊಂಡೇ ಇಲ್ಲ, ಸುಳ್ಳು ಹೇಳ್ಬೇಡಿ' ಎಂದೆ. 'ಹಚ್ಕೊಂಡಿದ್ದೀನಿ ಕಣೇ, ಹತ್ರ ಬಂದು ನೋಡು' ಎಂದರು. ನಾನು ಮುನಿಸಿಕೊಂಡು ಹತ್ತಿರ ಹೋಗಲಿಲ್ಲ. ಸಂಜೆ ಇಬ್ಬರಿಗೂ ಜ್ವರ. ನಾಲ್ಕನೇ ದಿನ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ವಾಪಸು ಬರಲಿಲ್ಲ.

ಆ ಅಂಗಿಯನ್ನು ನಾನು ಒಗೆದಿಲ್ಲ. ಶಿಲ್ಪಳ ಕೈಗೆ ಕೊಟ್ಟು ಕೇಳಿದೆ. ಮೂಗಿನ ಹತ್ತಿರ ಒಯ್ಯುವ ಮೊದಲೇ 'ಇದೆ ಅಮ್ಮ' ಎಂದಳು. ಅದಕ್ಕೇ ಎರಡು ವರ್ಷ ಅಂಗಡಿ ಅಂಗಡಿ ತಿರುಗಿ ಈ ಬಾಟಲಿ ಹುಡುಕಿದ್ದು. ಮೊದಲು ಬಾಟಲಿ ಮೂಸಿ ನೆನಪು ಮಾಡಿಕೋ. ಆಮೇಲೆ ಅಂಗಿಯ ಕಾಲರಿನ ಒಳಗಡೆ ನೋಡು. ವಾಸನೆ ಇದ್ದರೆ ಹಾಗೇ ಕವರು ಕಟ್ಟಿ ಕಳಿಸು. ಇಲ್ಲದಿದ್ದರೆ ಏನೂ ಬರೆಯಬೇಡ ಮುಸರ್ರತ್. ನಿನ್ನ ಕೈಯಾರೆ ಒಗೆದು, ಇಸ್ತ್ರಿ ಮಾಡಿ ಕಳಿಸಿಬಿಡು.