ನಲವತ್ತು ಕಪ್ ಚೀಸ್

ತೇನಿ,
ಬುಧವಾರ, ೧೨ ಫೆಬ್ರವರಿ ೨೦೨೫

ಪ್ರೀತಿಯ ರಾಜಮ್ಮಾಳ್ ದೊಡ್ಡಮ್ಮನಿಗೆ, ನಿಮ್ಮ ಇಂದುಜಾ ಕೈಮುಗಿದು ಬರೆಯುವುದು.

ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ. ನಮ್ಮ ಮನೆಮಾತು ಕನ್ನಡವನ್ನೇ ತಮಿಳು ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಗೂಡಲೂರಿಗೆ ಬ್ರೆಡ್ ವ್ಯಾನ್ ತರುವ ಸೇಕರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನು ದಾರಿಯಲ್ಲಿ ಬಿಚ್ಚಿ ನೋಡಿದರೂ ತಲೆಬುಡ ತಿಳಿಯಬಾರದು.

ನಾಡಿದ್ದು ಶುಕ್ರವಾರ ಹತ್ತು ಗಂಟೆಗೆ ಬೇಕರಿಯ ಧಣಿ, ನಮ್ಮ ಮುದಲಾಳಿ ವಸಂತಕುಮಾರ್ ನಿಮ್ಮನ್ನು ಕರೆದಿದ್ದಾರಲ್ಲ, ಅದು ವಿಚಾರಿಸಲು ಅಲ್ಲ. ಕೆಲಸ ಬಿಡಿಸಿ ಕಳಿಸಲು. ಹದಿನೇಳು ವರ್ಷ ಆ ಒಲೆಯ ಮುಂದೆ ನಿಂತವರು ನೀವು. ಅದಕ್ಕೇ ಇವತ್ತೇ ಬರೆಯಬೇಕಾಯಿತು.

ಮದುವೆಮನೆಯ ಇನ್ನೂರು ಚೀಸ್ ಬನ್ ಕೆಟ್ಟದ್ದು ನಿಮ್ಮ ಕೈಯಿಂದಲ್ಲ, ನನ್ನ ಲೆಕ್ಕದಿಂದ.

ನಿಮ್ಮ ಕಪ್ಪಿನ ಅಳತೆಗಳನ್ನೆಲ್ಲ ಗ್ರಾಮಿಗೆ ತಿರುಗಿಸು ಎಂದು ಮುದಲಾಳಿ ಹೊಸ ತಕ್ಕಡಿ ತಂದು ನನ್ನ ಮುಂದಿಟ್ಟರು. ನನಗೆ ಓದಿದವಳೆಂಬ ಜಂಬ ಬೇರೆ. ತುರಿದ ಚೀಸನ್ನು ಕಪ್ಪಿಗೆ ತುಂಬಿದೆ, ಬೆರಳಲ್ಲಿ ಅದುಮಿದೆ, ಮೇಲೆ ಗೋಪುರ ಏರಿಸಿದೆ. ನಮ್ಮಮ್ಮ ಗೋವಿಂದಮ್ಮಾಳ್ ಪಡಿಯಲ್ಲಿ ಅಕ್ಕಿ ಅಳೆಯುವುದೇ ಹಾಗೆ. ಮನೆಯ ಅಳತೆಯ ತಲೆ ಸವರಿದರೆ ಲಕ್ಷ್ಮಿ ಇಳಿದು ಹೋಗುತ್ತಾಳೆಂದು ಹೊಡೆದು ಕಲಿಸಿದ್ದಾಳೆ. ತಕ್ಕಡಿ ನೂರ ಅರವತ್ತೈದು ಗ್ರಾಂ ತೋರಿಸಿತು. ಅದನ್ನೇ ಬರೆದು ಗೋಡೆಗೆ ಅಂಟಿಸಿದೆ.

ನೀವು ಮಾತ್ರ ಇಷ್ಟು ವರ್ಷವೂ ಚೀಸನ್ನು ಸಡಿಲವಾಗಿ ಉದುರಿಸಿ, ಚಾಕುವಿನ ಬೆನ್ನಿನಿಂದ ತಲೆ ಸವರುತ್ತಿದ್ದಿರಿ. ಆಮೇಲೆ ತೂಗಿ ನೋಡಿದೆ, ನೂರ ಹತ್ತೇ ಗ್ರಾಂ. ನಲವತ್ತು ಕಪ್ಪಿಗೆ ಎರಡು ಕಿಲೋಗೂ ಮೇಲೆ ಹೆಚ್ಚಾಗಿತ್ತು.

ರಾಶಿ ನೋಡಿದ ಕೂಡಲೇ ನೀವು ಅಂದಿರಿ, "ಇಷ್ಟು ವೇಣಾಂ, ಬ್ಯಾಡ ಪಾಪಾ, ಜಾಸ್ತಿ ಐತೆ. ಒಡ್ದು ಎಣ್ಣೆ ಬುಟ್ಬುಡ್ತದೆ." ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ನಿಮ್ಮ ಬಾಯಿ ಮುಚ್ಚಿಸಿದೆ. ನೀವು ಅಂದ ಹಾಗೇ ಆಯಿತು, ಚೀಸ್ ಒಡೆದು ಬನ್ನೆಲ್ಲ ಎಣ್ಣೆಯಲ್ಲಿ ತೊಯ್ದವು.

ತಕ್ಕಡಿ ನಂಬದೆ ಕೈಯಲ್ಲಿ ಸುರಿದವರು ಯಾರು ಎಂದು ಮುದಲಾಳಿ ಕೂಗಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ದುಪಟ್ಟಾ ಸರಿಮಾಡಿಕೊಂಡೆ. ಬೇರೆ ಯಾರೂ ನೋಡಲಿಲ್ಲ. ನೀವು ನೋಡಿದಿರಿ. ಗೋಡೆಯ ಚೀಟಿ ನೋಡಿ ಎಂದು ನೀವು ಕೈ ತೋರಿಸಿದಿರಿ. ಮುದಲಾಳಿ ಗಟ್ಟಿಯಾಗಿ ಓದಿದರು: ಒಂದು ಕಪ್ಪಿಗೆ ನೂರ ಹತ್ತು. ನೀವು ಚೀಟಿಯನ್ನೂ ನನ್ನನ್ನೂ ನೋಡಿ ಏಪ್ರನ್ ಬಿಚ್ಚಿದಿರಿ. ವಯಸ್ಸಾಯಿತು, ಮರೆವು ಎಂದರು ಮುದಲಾಳಿ. ಆ ಮಾತು ಈಗಲೂ ನನ್ನ ಕಿವಿಯಲ್ಲಿ ಕೂತಿದೆ.

ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಗಬೇಕಿತ್ತು. ಭಯವಾಯಿತು ದೊಡ್ಡಮ್ಮಾ. ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ಚೀಟಿಯಲ್ಲಿ ಅಂಕಿ ಹೇಗೆ ಬೇರೆಯಾಯಿತೋ, ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ನಿಮ್ಮ ಮುಖ ನೋಡಲು ನಾಚುತ್ತಿರುವ,
ಇಂದುಜಾ

ಮ.ವಿ.: ಎದುರಿಗೆ ಹೇಳಲಾರೆ, ಇಲ್ಲೇ ಬರೆದುಬಿಡುತ್ತೇನೆ. ಮೊದಲ ತಟ್ಟೆ ಹೊರಬಂದಾಗಲೇ ನನ್ನ ತಪ್ಪು ಗೊತ್ತಾಯಿತು, ಅಷ್ಟರಲ್ಲಿ ಎಲ್ಲ ಬನ್ನಿಗೂ ಚೀಸ್ ಹಾಕಿಯಾಗಿತ್ತು. ನಿಮ್ಮ ಹಾಗೆ ಒಂದು ಕಪ್ ಅಳೆದು ತೂಗಿದೆ. ನೀವು ಒಲೆಯ ಕಡೆ ತಿರುಗಿದ್ದಾಗ ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದೆ. ಕಿತ್ತದ್ದು ಈ ಕವರಿನಲ್ಲಿದೆ. ಅದರ ಕೆಳಗೇ, ನಡೆದದ್ದನ್ನು ಮುದಲಾಳಿ ಓದಲೆಂದು ತಮಿಳಿನಲ್ಲೇ ಬರೆದು ಸಹಿ ಹಾಕಿದ್ದೇನೆ, ಸೇಕರ್ ಓದಿದರೂ ಓದಲಿ. ಶುಕ್ರವಾರ ಮುದಲಾಳಿಯ ಮೇಜಿನ ಮೇಲೆ ಇಡಿ. ನಾನೇ ಕೊಡೋಣವೆಂದು ಎರಡು ಸಲ ಅವರ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ನಾನೇ ಬಾಯಿ ಬಿಡುತ್ತೇನೆಂದು ಕಾಯಬೇಡಿ.