ಎಡ ಎಂಜಿನ್ ನನ್ನದು

6 ನವೆಂಬರ್ 2017, ಬೆಳಗ್ಗೆ 7.05

6.40ರ ಫಾಸ್ಟ್ ತಪ್ಪಿತು. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್. ಸೀಟಾದರೂ ಸಿಕ್ಕಿತು, ಬರೆಯುತ್ತಿದ್ದೇನೆ.

ತಪ್ಪು ನನ್ನದೇ. ಗ್ಯಾಸ್ ಎರಡು ಸಲ ನೋಡಿದೆ. ಬೀಗ ಮೂರು ಸಲ ಎಳೆದೆ. ಕೆಳಗಿಳಿದವನು ಮತ್ತೆ ಮೇಲೆ ಹೋದೆ. ಹೆಂಡತಿ ಉಮಾ ಲಿಫ್ಟಿನ ಬಾಗಿಲು ಹಿಡಿದುಕೊಂಡು, "ಮಾರಾಯ್ರೇ, ಆ ಬೀಗ ಕೈಗೇ ಬಂದೀತು. ನನಗೆ ಥಾಣೆಯಲ್ಲಿ ಬ್ಯಾಂಕ್ ತೆರೀಲಿಕ್ಕುಂಟು!" ಎಂದಳು. ಸಿಟ್ಟಿನಿಂದ ಲೇಡೀಸ್ ಡಬ್ಬಿಗೆ ಹೋದಳು. ಥಾಣೆ ಸ್ಟೇಷನ್ ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ.

ವಿಮಾನ ರಿಪೇರಿ ಮಾಡುವ ನಮಗೆ ಇವತ್ತಿನಿಂದ ಕ್ಲಾಸು. ನಮ್ಮ ಕಂಪನಿಯ ಚಿಕ್ಕ ವಿಮಾನಗಳೂ ಇನ್ನು ಸಮುದ್ರ ದಾಟಿ ಮಾರಿಷಸ್‌ಗೆ ಹೋಗಲಿವೆಯಂತೆ. ಸೀಟುಗಳ ನಡುವೆ ಒಂದೇ ದಾರಿ, ಎರಡೇ ಎಂಜಿನ್ — ಆರು ಗಂಟೆ ನೀರಿನ ಮೇಲೆ.

7 ನವೆಂಬರ್

ಕ್ಲಾಸು ತೆಗೆದುಕೊಳ್ಳುವವರು ಕ್ವಾಲಿಟಿ ವಿಭಾಗದ ಮೋಹನದಾಸ್ ಸರ್. ಮೂಲ್ಕಿಯವರು. ಬೋರ್ಡಿನ ಮೇಲೆ ಒಂದೇ ಸಾಲು ಬರೆದರು — ಒಂದೇ ಕೈ ಎರಡೂ ಎಂಜಿನ್ ಮುಟ್ಟಕೂಡದು. ಒಬ್ಬನೇ ಎರಡಕ್ಕೂ ಆಯಿಲ್ ಹಾಕಿದರೆ, ಅವನ ಒಂದು ತಪ್ಪು ಎರಡು ಕಡೆಯೂ ಆಗುತ್ತದೆ. ನೆಲದ ಮೇಲಾದರೆ ಹತ್ತಿರದ ಊರಲ್ಲಿ ಇಳಿಸಬಹುದು. ಸಮುದ್ರದಲ್ಲಿ ಎಲ್ಲಿ ಇಳಿಸುವುದು?

ಎಡದ್ದು ನನಗೆ. ಬಲದ್ದು ನಿಶ್ಮಿತಾಗೆ. ಕಲ್ಯಾಣದ ಹುಡುಗಿ, ಹತ್ತು ವರ್ಷದ ಅನುಭವ, ನನಗಿಂತ ಚುರುಕು. "ಅಣ್ಣಾ, ನಿಮ್ದು ಲೆಫ್ಟ್, ನಂದು ರೈಟ್. ಬೀಚ್ ಮೇ ನೋ ಎಂಟ್ರಿ, ನಡುವೆ ಕೈ ಹಾಕೋದಿಲ್ಲ!" ಎಂದಳು. ನಕ್ಕೆ.

20 ನವೆಂಬರ್

ವಿಮಾನದ ಸೀಲಿಂಗಿನಲ್ಲಿ ಲೈಫ್ ರಾಫ್ಟ್ ಕೂರಿಸಿದ್ದಾರೆ. ಗಾಳಿ ತುಂಬಿದರೆ ತೇಲುವ ದೋಣಿ. ಒಂದನ್ನು ಎತ್ತಲು ಇಬ್ಬರು ಬೇಕು. ಸೊಂಟ ಹಿಡಿದಿದೆ.

ಪರೀಕ್ಷೆ ಪಾಸಾದವರಿಗೆ ಸ್ಟ್ಯಾಂಪ್, ಸಮುದ್ರ ದಾಟುವ ವಿಮಾನಕ್ಕೆ ಸಹಿ ಹಾಕುವ ಅಧಿಕಾರ. ಸ್ಟ್ಯಾಂಪ್ ಸಿಕ್ಕವರಲ್ಲಿ ಇಬ್ಬರಿಗೆ ಮೊದಲ ಟ್ರಯಲ್ ಹಾರಾಟದಲ್ಲಿ ಸೀಟು. ಇಪ್ಪತ್ತೇಳು ವರ್ಷ ವಿಮಾನ ರಿಪೇರಿ ಮಾಡಿದ್ದೇನೆ. ಹಾರಿದ್ದು ಮಂಗಳೂರಿಗೆ ಮಾತ್ರ. ಸಮುದ್ರದ ನಡುವೆ ಏನು ಕಾಣುತ್ತದೋ ನೋಡಬೇಕು. ತುಂಬಾ ಆಸೆಯಾಗಿದೆ. ಉಮಾ ಆಗಲೇ ಪ್ರಯಾಣಕ್ಕೆಂದು ಫಡ್ಕೆ ರೋಡಿನ ಅಂಗಡಿಯಿಂದ ನೀಲಿ ಬ್ಯಾಗ್ ತಂದಿದ್ದಾಳೆ. ನಮ್ಮ ಬಿಲ್ಡಿಂಗಿನ ಇಡೀ ಸೊಸೈಟಿಗೆ ಸುದ್ದಿ.

4 ಡಿಸೆಂಬರ್, ಮಧ್ಯಾಹ್ನ

ಕೆಡಿಸಿಕೊಂಡೆ.

ಬೆಳಗ್ಗೆ ಪರೀಕ್ಷೆ. ದಿಲ್ಲಿಯ ವಿಮಾನಯಾನ ಇಲಾಖೆಯ ಇನ್‌ಸ್ಪೆಕ್ಟರ್ ಬಂದಿದ್ದರು. ಎಡದ ಎಂಜಿನ್ ಮುಗಿಸಿದೆ, ಚೊಕ್ಕವಾಗಿ. ನಿಶ್ಮಿತಾ ಬಲದ್ದು ಮುಗಿಸಿ ಕಾಗದಕ್ಕೆ ಸಹಿ ಹಾಕಲು ಹೋದಳು. ಪಕ್ಕದಲ್ಲೇ ಹಾದುಹೋಗುತ್ತಿದ್ದೆ. ಕೈ ಹೋಯಿತು. ಅವಳ ಆಯಿಲ್ ಟ್ಯಾಂಕಿನ ಮುಚ್ಚಳ ತೆರೆದೆ, ಇಣುಕಿದೆ, ಮುಚ್ಚಿ ತಿರುಪಿದೆ. ಬೀಗ ಎಳೆದ ಹಾಗೆ! ಎಲ್ಲ ಸರಿಯಾಗಿಯೇ ಇತ್ತು. ಯಾರೂ ನೋಡಲಿಲ್ಲ.

ಚಹಾ ಕುಡಿಯುವಾಗ ತಲೆಗೆ ಹೊಳೆಯಿತು. ಈಗ ಎರಡೂ ಎಂಜಿನ್ ಮೇಲೆ ನನ್ನ ಕೈ. ಹೇಳಿದರೆ ಸ್ಟ್ಯಾಂಪ್ ಇಲ್ಲ, ಹಾರಾಟವೂ ಇಲ್ಲ. ಹೇಳದಿದ್ದರೆ... ಲೋಟ ಅಲ್ಲೇ ಇಟ್ಟೆ. ಹೋಗಿ ಹೇಳಿದೆ.

"ಎಂತ ಮಾರಾಯ ನೀನು!" ಮೋಹನದಾಸ್ ಸರ್ ತಲೆ ಮೇಲೆ ಕೈಯಿಟ್ಟುಕೊಂಡರು. ಮೂರನೆಯವರನ್ನು ಕರೆಸಿ ಬಲದ್ದನ್ನು ಮೊದಲಿಂದ ತಪಾಸಣೆ ಮಾಡಿಸಿದರು. ಐವತ್ತು ನಿಮಿಷ ತಡ. ನಾನು ಫೇಲ್.

ಅದಕ್ಕಿಂತ ನೋವಾದದ್ದು ನಿಶ್ಮಿತಾಳ ಮಾತು. "ನನ್ನ ಮೇಲೆ ಭರೋಸಾ ಇಲ್ವಾ ಅಣ್ಣಾ?" ನನಗೆ ಇದೆ ಕಣಮ್ಮ. ಕೈಗೆ ಇಲ್ಲ, ಅಷ್ಟೇ.

5 ಡಿಸೆಂಬರ್

ಉಮಾಗೆ ಹೇಳಿದೆ. ನಗು ತಡೆಯಲಾಗಲಿಲ್ಲ ಅವಳಿಗೆ. "ಇಪ್ಪತ್ನಾಲ್ಕು ವರ್ಷದಿಂದ ನಾನು ಮುಚ್ಚಿಟ್ಟ ಉಪ್ಪಿನಕಾಯಿ ಭರಣಿಯನ್ನು ತೆಗೆದು ಪುನಃ ಮುಚ್ಚುವವರು ನೀವು. ನಾನೂ ಆ ಹುಡುಗಿಯ ಹಾಗೆ ಒಂದು ದಿನ ಕೇಳಬೇಕಿತ್ತು."

ನಾಚಿಕೆಯಾಯಿತು.

ಮನೆಯಲ್ಲೂ ಕಾನೂನು ಬಂತು. "ಗ್ಯಾಸ್ ನನ್ನದು, ಬೀಗ ನಿಮ್ಮದು. ಒಂದೇ ಕೈ ಎರಡಕ್ಕೂ ತಾಗಕೂಡದು, ಆಯ್ತಾ?" ಬೀಗವೂ ಒಂದೇ ಸಲ ಎಳೆಯಬೇಕಂತೆ.

9 ಡಿಸೆಂಬರ್

ನಾಲ್ಕು ದಿನದಿಂದ ಗ್ಯಾಸ್ ನೋಡಿಲ್ಲ. ಕೈ ಚುಳುಚುಳು ಎನ್ನುತ್ತದೆ. 6.40 ಮಾತ್ರ ಒಂದು ದಿನವೂ ತಪ್ಪಿಲ್ಲ.

18 ಡಿಸೆಂಬರ್

ಮರುಪರೀಕ್ಷೆ. ಎಡ ಮುಗಿಸಿ, ಎರಡೂ ಕೈ ಜೇಬಿಗೆ ಹಾಕಿಕೊಂಡು ಬಲದ್ದನ್ನು ದಾಟಿದೆ. ನಿಶ್ಮಿತಾ ನೋಡುತ್ತಿದ್ದಳು. ಎರಡು ವಾರದ ನಂತರ ಮೊದಲ ಸಲ ನಕ್ಕಳು. ಥಾಣೆಯ ನೌಪಾಡಾದಿಂದ ತಂದಿದ್ದ ವಡಾಪಾವ್‌ನಲ್ಲಿ ಅರ್ಧ ಕೊಟ್ಟಳು.

ಸ್ಟ್ಯಾಂಪ್ ಸಿಕ್ಕಿತು!!

ಹಾರಾಟಕ್ಕೂ ನಾವಿಬ್ಬರೇ. ಮೋಹನದಾಸ್ ಸರ್ ಪಟ್ಟಿ ಓದಿ ನನ್ನನ್ನು ದುರುಗುಟ್ಟಿ ನೋಡಿದರು. "ಬಾಯಿ ಬಿಟ್ಟು ಹೇಳಿದೆಯಲ್ಲ, ಅದಕ್ಕೆ ಕರ್ಕೊಂಡು ಹೋಗುವುದು. ಕೈಯನ್ನು ಮಾತ್ರ ಡೊಂಬಿವಲಿಯಲ್ಲೇ ಬಿಟ್ಟು ಬಾ."

9 ಜನವರಿ 2018, ಹಗಲು 11.20, ಆಕಾಶದಲ್ಲಿ

ಹೊರಟು ಮೂರು ಗಂಟೆಯಾಯಿತು. ಕೆಳಗೆ ನೀರು, ಬರೀ ನೀರು. ಇಷ್ಟೊಂದು ನೀಲಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿತು, ಸುಳ್ಳೇಕೆ ಬರೆಯಲಿ.

ನನ್ನ ಸೀಟು ಬಲಗಡೆ. ಕಿಟಕಿಯಲ್ಲಿ ನಿಶ್ಮಿತಾಳ ಎಂಜಿನ್. ಎಡಗಡೆ ಕಿಟಕಿಯಲ್ಲಿ ಅವಳು, ನನ್ನ ಎಂಜಿನ್ ನೋಡುತ್ತಾ. "ಅಣ್ಣಾ, ನಿಮ್ದು ಮಸ್ತ್ ಓಡ್ತಾ ಉಂಟು!" ಎಂದು ಅಲ್ಲಿಂದ ಕೂಗಿದಳು. "ನಿನ್ನದೂ!" ಎಂದೆ. ಮುಚ್ಚಳ ಗಟ್ಟಿ ತಿರುಪಿದ್ದೀಯಾ ಎಂದು ಕೇಳಲಿಲ್ಲ. ಕೇಳಬೇಕೆಂದೂ ಅನಿಸಲಿಲ್ಲ. ನಾನು ಗೆದ್ದೆ.

ಬೆಳಗ್ಗೆ ಉಮಾಳೂ ನನ್ನ ಜೊತೆಗೇ ಹೊರಟಳು. ಬ್ಯಾಂಕ್ ಮುಗಿಸಿ ನೆರೂಳಿನ ತಂಗಿ ಮನೆಗೆ ಹೋಗುತ್ತಾಳೆ, ನಾಳೆಯವರೆಗೆ ಮನೆಯಲ್ಲಿ ಯಾರೂ ಇಲ್ಲ. ಬೀಗ ಒಂದೇ ಸಲ ಎಳೆದೆ. ಗ್ಯಾಸ್ ಕಡೆ ತಿರುಗಿಯೂ ನೋಡಲಿಲ್ಲ. ಅದು ಅವಳದು. ಆಫ್ ಮಾಡಿದ್ದಾಳೆ.

ಮಾಡಿರುತ್ತಾಳೆ.

ಚಹಾ ಕಾಯಿಸಿದ ಮೇಲೆ ಅವಳು ಫೋನಿಗೆ ಅಂತ ಹೊರಗೆ ಬಂದಳಲ್ಲ, ಆಮೇಲೆ ಮತ್ತೆ ಅಡುಗೆಮನೆಗೆ —